ಬಸಿರು ನಿಲ್ಲದ ದುಃಖ ಮತ್ತು ಒಂದು ಸಣ್ಣ ಗುಳಿಗೆ

ಹುಟ್ಟಿದ ಮಗು ತೀರಿಕೊಂಡರೆ ಬಂಧುಬಳಗ ಬಂದು ಕಣ್ಣೊರೆಸುತ್ತದೆ. ಎರಡನೆಯದೋ ಮೂರನೆಯದೋ ತಿಂಗಳಲ್ಲಿ ಗರ್ಭ ಇಳಿದುಹೋದರೆ ಆ ದುಃಖವನ್ನು ಕೇಳಲು ಯಾರೂ ಬರುವುದಿಲ್ಲ. 'ಬಸಿರು ನಿಲ್ಲಲಿಲ್ಲ' ಎಂದು ನಾವು ಹೇಳುತ್ತೇವೆ. ಆ ಮಾತಿನಂತೆ ನಿಲ್ಲದೆ ಹೋದದ್ದು ಬಸಿರು. ಆದರೆ ಅದನ್ನು ಉಳಿಸಿಕೊಳ್ಳಲಾರದೆ ಹೋದವಳು ಎಂಬ ಅಪವಾದ ಮಾತ್ರ ಹೆಣ್ಣಿನ ತಲೆಯ ಮೇಲೆ ಬರುತ್ತದೆ. ಮೊದಲ ಸಲ 'ಮತ್ತೆ ಆಗುತ್ತದೆ ಬಿಡಮ್ಮ' ಎಂದ ಹಿರಿಯರು ಎರಡನೆಯ ಸಲ ಮೌನವಾಗುತ್ತಾರೆ. ಮೂರನೆಯ ಸಲ ಕಾರಣ ಹುಡುಕತೊಡಗುತ್ತಾರೆ. ಕೊಡ ಹೊತ್ತಳು, ಪರಂಗಿಹಣ್ಣು ತಿಂದಳು, ಬಸ್ಸಿನಲ್ಲಿ ತವರಿಗೆ ಹೋದಳು ಎಂದು ಪಟ್ಟಿ ಬೆಳೆಯುತ್ತದೆ.

ಇಂಥ ಹೆಣ್ಣುಮಗಳು ಇಂದು ವೈದ್ಯರ ಬಳಿಗೆ ಹೋದರೆ ಬರೆಸಿಕೊಂಡು ಬರುವ ಔಷಧಗಳಲ್ಲಿ ಒಂದು ಸಣ್ಣ ಗುಳಿಗೆಯೂ ಇರುವುದುಂಟು. ಅದು ಎಪ್ಪತ್ತೈದು ಮಿಲಿಗ್ರಾಂ ಆಸ್ಪಿರಿನ್. ತಲೆನೋವಿಗೆ ನುಂಗುವ ಪ್ರಮಾಣದ ಸುಮಾರು ನಾಲ್ಕರಲ್ಲೊಂದು ಪಾಲು, ಬೆಲೆಯೂ ಅಲ್ಪ. ಈ ಗುಳಿಗೆ ನಿಜವಾಗಿ ಯಾರನ್ನು ಕಾಪಾಡುತ್ತದೆ, ಯಾರಿಗೆ ಭರವಸೆಯನ್ನಷ್ಟೇ ಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ಆಸ್ಪಿರಿನ್ನಿನ ಕಥೆ ಒಂದು ಮರದ ತೊಗಟೆಯಿಂದ ಆರಂಭವಾಗುತ್ತದೆ. ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ ವಿಲ್ಲೋ ಮರದ ತೊಗಟೆಯ ಕಹಿಯನ್ನು ನಾಲಗೆಯಿಂದಲೇ ಕಂಡುಕೊಂಡು, ಅದನ್ನು ಒಣಗಿಸಿ ಪುಡಿಮಾಡಿ ಚಳಿಜ್ವರದ ಸುಮಾರು ಐವತ್ತು ಮಂದಿಗೆ ಕೊಟ್ಟು ನೋಡಿ, ೧೭೬೩ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ೧೮೯೭ರಲ್ಲಿ ಜರ್ಮನಿಯ ಬೇಯರ್ ಕಂಪನಿಯ ಪ್ರಯೋಗಶಾಲೆಯಲ್ಲಿ ಅದೇ ಜಾತಿಯ ಆಮ್ಲಕ್ಕೆ ಶುದ್ಧ ರೂಪ ದೊರೆಯಿತು. ೧೮೯೯ರಲ್ಲಿ 'ಆಸ್ಪಿರಿನ್' ಎಂಬ ಹೆಸರು ಬಂದಿತು. ನೋವನ್ನು ಅದು ಹೇಗೆ ತಣಿಸುತ್ತದೆ ಎಂಬುದು ತಿಳಿಯಲು ಮಾತ್ರ ಇನ್ನೂ ಎಪ್ಪತ್ತು ವರ್ಷ ಬೇಕಾಯಿತು. ಆ ರಹಸ್ಯವನ್ನು ಬಿಡಿಸಿದವನು ಬ್ರಿಟನ್ನಿನ ಜಾನ್ ವೇನ್. ಶರೀರದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ವಸ್ತುಗಳ ಉತ್ಪತ್ತಿಯನ್ನು ಆಸ್ಪಿರಿನ್ ತಡೆಯುತ್ತದೆಂದು ಅವನು ೧೯೭೧ರಲ್ಲಿ ತೋರಿಸಿದ. ೧೯೮೨ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದ.

ಅಲ್ಪ ಪ್ರಮಾಣದಲ್ಲಿ ಈ ಗುಳಿಗೆಯ ಕೆಲಸವೇ ಬೇರೆ. ನಮ್ಮ ರಕ್ತದಲ್ಲಿ ಪ್ಲೇಟ್‌ಲೆಟ್ ಎಂಬ ಸೂಕ್ಷ್ಮ ಕಣಗಳಿವೆ. ಗಾಯವಾದೆಡೆ ಇವು ಒಂದಕ್ಕೊಂದು ಅಂಟಿಕೊಂಡು ರಕ್ತವನ್ನು ನಿಲ್ಲಿಸುತ್ತವೆ. ಅಂಟಿಕೊಳ್ಳಲು ನೆರವಾಗುವ ವಸ್ತುವನ್ನು ತಯಾರಿಸುವ ಕಿಣ್ವವನ್ನು ಆಸ್ಪಿರಿನ್ ಶಾಶ್ವತವಾಗಿ ಮುಚ್ಚಿಬಿಡುತ್ತದೆ. ಪ್ಲೇಟ್‌ಲೆಟ್ಟಿಗೆ ಜೀವಕೋಶದ ಕೇಂದ್ರವಿಲ್ಲವಾದ್ದರಿಂದ ಅದು ಹೊಸ ಕಿಣ್ವವನ್ನು ಮಾಡಿಕೊಳ್ಳಲಾರದು. ತನ್ನ ಏಳು ಹತ್ತು ದಿನಗಳ ಆಯುಷ್ಯವನ್ನು ಹಾಗೆಯೇ ಕಳೆಯುತ್ತದೆ. ದಿನಕ್ಕೊಂದು ಸಣ್ಣ ಗುಳಿಗೆ ಸಾಕಾಗುವುದು ಇದರಿಂದಲೇ.

ಗರ್ಭಕ್ಕೂ ಇದಕ್ಕೂ ಏನು ಸಂಬಂಧ? ಶಿಶುವಿಗೆ ಉಸಿರು ಮತ್ತು ಅನ್ನ ಎರಡೂ ಬರುವುದು ಮಾಸಿನ ಮೂಲಕ. ಮಾಸಿನ ಜೀವನವೆಲ್ಲ ರಕ್ತದ ಹರಿವಿನ ಮೇಲೆ ನಿಂತಿದೆ. ೧೯೮೩ರಲ್ಲಿ ಲಂಡನ್ನಿನ ವೈದ್ಯ ಗ್ರಹಾಂ ಹ್ಯೂಸ್ ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ವ್ಯಾಧಿಯನ್ನು ಗುರುತಿಸಿದರು. ಕೆಲವರ ಶರೀರ ತನ್ನದೇ ಆದ ಕೊಬ್ಬಿನ ಕಣಗಳ ಮೇಲೆ, ಅವಕ್ಕೆ ಅಂಟಿದ ಪ್ರೋಟೀನುಗಳ ಮೇಲೆ ಕತ್ತಿಯೆತ್ತುವ ಪ್ರತಿಕಾಯಗಳನ್ನು ಸೃಷ್ಟಿಸಿಕೊಳ್ಳುತ್ತದೆ. ಅವರಲ್ಲಿ ರಕ್ತ ಅಕಾಲದಲ್ಲಿ ಹೆಪ್ಪುಗಟ್ಟುತ್ತದೆ, ಗರ್ಭಗಳು ಮೇಲಿಂದ ಮೇಲೆ ಇಳಿಯುತ್ತವೆ. ಇದಕ್ಕೆ ಆಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ ಎಂದು ಹೆಸರು. ಈ ಪ್ರತಿಕಾಯಗಳು ಹೆಪ್ಪುಗಟ್ಟಿಸುವುದಲ್ಲದೆ ಮಾಸು ಗರ್ಭಕೋಶದಲ್ಲಿ ಬೇರೂರುವುದಕ್ಕೂ ಅಡ್ಡಿಮಾಡುತ್ತವೆ ಎಂಬುದು ಅನಂತರದ ತಿಳುವಳಿಕೆ.

ಇಂಥ ಪ್ರತಿಕಾಯಗಳಿದ್ದು ಪದೇ ಪದೇ ಗರ್ಭ ಕಳೆದುಕೊಂಡಿದ್ದ ತೊಂಬತ್ತು ಸ್ತ್ರೀಯರನ್ನು ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ವೈದ್ಯರು ಎರಡು ಸಮಪಾಲು ಮಾಡಿದರು. ಒಂದು ಪಾಲಿಗೆ ಆಸ್ಪಿರಿನ್ ಮಾತ್ರ. ಇನ್ನೊಂದಕ್ಕೆ ಅದರ ಜೊತೆಗೆ ಹೆಪಾರಿನ್ ಚುಚ್ಚುಮದ್ದು. ೧೯೯೭ರಲ್ಲಿ ಫಲಿತಾಂಶ ಪ್ರಕಟವಾಯಿತು. ಮೊದಲನೆಯ ಗುಂಪಿನಲ್ಲಿ ೧೯ ಮಂದಿ, ಎರಡನೆಯದರಲ್ಲಿ ೩೨ ಮಂದಿ ಜೀವಂತ ಶಿಶುವನ್ನು ಹೆತ್ತಿದ್ದರು. ಈ ವ್ಯಾಧಿಯುಳ್ಳವರಿಗೆ ಆಸ್ಪಿರಿನ್ ಮತ್ತು ಹೆಪಾರಿನ್ನುಗಳನ್ನು ಕೂಡಿಸಿ ಕೊಡುವುದು ಈಗ ವೈದ್ಯಸಂಘಗಳು ಒಪ್ಪಿಕೊಂಡ ಪದ್ಧತಿ. ವ್ಯಾಧಿ ಇದೆಯೆಂದು ನಿರ್ಧರಿಸಲು ಕನಿಷ್ಠ ಹನ್ನೆರಡು ವಾರಗಳ ಅಂತರದಲ್ಲಿ ಎರಡು ಸಲ ರಕ್ತಪರೀಕ್ಷೆ ಆಗಬೇಕು. ಒಂದೇ ಪರೀಕ್ಷೆಯನ್ನು ನಂಬುವಂತಿಲ್ಲ.

ಆದರೆ ಗರ್ಭ ನಿಲ್ಲದ ಸ್ತ್ರೀಯರಲ್ಲಿ ಬಹಳ ಮಂದಿಯ ರಕ್ತದಲ್ಲಿ ಈ ಪ್ರತಿಕಾಯಗಳಿರುವುದಿಲ್ಲ. ಎಲ್ಲ ಪರೀಕ್ಷೆಗಳೂ ಮುಗಿದು, 'ದೋಷವೇನೂ ಕಾಣುತ್ತಿಲ್ಲ' ಎಂಬ ಉತ್ತರವನ್ನು ಹೊತ್ತು ಅವರು ಮನೆಗೆ ಮರಳುತ್ತಾರೆ. ಒಬ್ಬರಿಗೆ ಫಲಿಸಿದ್ದು ಇವರಿಗೂ ಫಲಿಸಬಾರದೇಕೆ ಎಂಬ ಆಸೆಯಿಂದ ಗುಳಿಗೆ ಇವರ ಕೈಗೂ ಬಂದಿತು. ಆಸೆಯನ್ನು ಪರೀಕ್ಷೆಗೆ ಒಡ್ಡಿದವರು ನೆದರ್ಲೆಂಡಿನ ವೈದ್ಯರು. ಕಾರಣ ತಿಳಿಯದೆ ಗರ್ಭ ಕಳೆದುಕೊಂಡಿದ್ದ ೩೬೪ ಸ್ತ್ರೀಯರಲ್ಲಿ ಕೆಲವರಿಗೆ ಆಸ್ಪಿರಿನ್, ಕೆಲವರಿಗೆ ಆಸ್ಪಿರಿನ್ನಿನ ಜೊತೆಗೆ ಹೆಪಾರಿನ್ ಜಾತಿಯ ಚುಚ್ಚುಮದ್ದು, ಉಳಿದವರಿಗೆ ಔಷಧವಿಲ್ಲದ ಹುಸಿಗುಳಿಗೆ ಕೊಟ್ಟರು. ೨೦೧೦ರಲ್ಲಿ ಲೆಕ್ಕ ಹೊರಬಿತ್ತು: ಜೀವಂತ ಶಿಶುವನ್ನು ಪಡೆದವರು ಆಸ್ಪಿರಿನ್ ಗುಂಪಿನಲ್ಲಿ ನೂರಕ್ಕೆ ಸುಮಾರು ೫೧, ಎರಡೂ ಔಷಧ ಪಡೆದವರಲ್ಲಿ ಸುಮಾರು ೫೫, ಹುಸಿಗುಳಿಗೆಯವರಲ್ಲಿ ೫೭. ಔಷಧದಿಂದ ಲಾಭವೇನೂ ಕಂಡುಬರಲಿಲ್ಲ.

ಅಮೆರಿಕದಲ್ಲಿ ಒಂದೆರಡು ಸಲ ಗರ್ಭ ಕಳೆದುಕೊಂಡಿದ್ದ ೧೨೨೮ ಸ್ತ್ರೀಯರಿಗೆ, ಮುಂದಿನ ಬಸಿರಿಗೆ ಮೊದಲೇ ಆಸ್ಪಿರಿನ್ ಅಥವಾ ಹುಸಿಗುಳಿಗೆ ಕೊಡಲು ಆರಂಭಿಸಿ ನೋಡಲಾಯಿತು. ೨೦೧೪ರ ವರದಿಯಂತೆ ಆಸ್ಪಿರಿನ್ ಗುಂಪಿನಲ್ಲಿ ೫೮, ಇನ್ನೊಂದರಲ್ಲಿ ೫೩. ಈ ಅಂತರ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು. ಅದೇ ಲೆಕ್ಕವನ್ನು ೨೦೨೧ರಲ್ಲಿ ಮರಳಿ ಪರಿಶೀಲಿಸಿದವರು, ವಾರಕ್ಕೆ ಐದು ದಿನವಾದರೂ ತಪ್ಪದೆ ನುಂಗಿದರೆ ನೂರಕ್ಕೆ ಹದಿನೈದು ಶಿಶುಗಳು ಹೆಚ್ಚು ಉಳಿಯಬಹುದೆಂದು ಎಣಿಸಿದ್ದಾರೆ. ಆದ್ದರಿಂದ ಪ್ರಶ್ನೆ ಪೂರ್ತಿಯಾಗಿ ಮುಗಿದಿಲ್ಲ. ಆದರೆ ಈ ಒಂದು ಎಣಿಕೆಯನ್ನು ನೆಚ್ಚಿ ಎಲ್ಲರಿಗೂ ಗುಳಿಗೆ ಹಂಚುವಷ್ಟು ಆಧಾರವೂ ದೊರೆತಿಲ್ಲ.

ನೆದರ್ಲೆಂಡಿನ ಆ ಹುಸಿಗುಳಿಗೆಯ ಗುಂಪನ್ನು ಇನ್ನೊಮ್ಮೆ ನೋಡಬೇಕು. ಅವರಲ್ಲಿ ಮತ್ತೆ ಬಸಿರಾದವರನ್ನಷ್ಟೇ ಎಣಿಸಿದರೆ, ನೂರಕ್ಕೆ ೬೭ ಮಂದಿ ಯಾವ ಔಷಧವೂ ಇಲ್ಲದೆ ಮಗುವನ್ನು ಎತ್ತಿಕೊಂಡರು. ಇವರೆಲ್ಲ ಹಿಂದೆ ಮೇಲಿಂದ ಮೇಲೆ ಸೋತವರು ಎಂಬುದನ್ನು ನೆನೆದರೆ ಈ ಅಂಕಿಗಿಂತ ದೊಡ್ಡ ಸಮಾಧಾನ ಇನ್ನೊಂದಿಲ್ಲ. ಗುಳಿಗೆ ನುಂಗಿ ಹೆತ್ತವಳು ಗುಳಿಗೆಗೆ ಕೈಮುಗಿಯುತ್ತಾಳೆ, ಹರಕೆ ಹೊತ್ತು ಹೆತ್ತವಳು ದೇವರಿಗೆ. ಇಬ್ಬರ ಕೃತಜ್ಞತೆಯೂ ಸಹಜ. ಔಷಧದ ಪಾಲೆಷ್ಟು ಎಂದು ತಿಳಿಯಲು ಮಾತ್ರ ಹುಸಿಗುಳಿಗೆ ನುಂಗಿದವಳನ್ನೂ ಪಕ್ಕದಲ್ಲಿ ಕೂರಿಸಿ ಎಣಿಸಬೇಕಾಗುತ್ತದೆ.

ಕೊಡ, ಪರಂಗಿಹಣ್ಣು, ಬಸ್ ಪ್ರಯಾಣಗಳ ಪಟ್ಟಿಗೂ ಇಲ್ಲಿ ಉತ್ತರವಿದೆ. ಮೊದಲ ತಿಂಗಳುಗಳಲ್ಲಿ ಇಳಿಯುವ ಗರ್ಭಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ವರ್ಣತಂತುಗಳ ಏರುಪೇರು ಕಾರಣ. ಬಹುಮಟ್ಟಿಗೆ ಅಂಡ ಅಥವಾ ವೀರ್ಯ ರೂಪುಗೊಳ್ಳುವಾಗಲೋ ಅವು ಕೂಡುವ ಹೊತ್ತಿನಲ್ಲೋ ಮೂಡಿದ ಆ ತೊಡಕನ್ನು ಆಸ್ಪಿರಿನ್ನೂ ಸರಿಪಡಿಸಲಾರದು. ತಾಯಿ ಹಾಸಿಗೆ ಬಿಟ್ಟೇಳದೆ ಮಲಗಿದ್ದರೂ ಅದು ಸರಿಹೋಗದು.

ಈ ಗುಳಿಗೆಗೆ ಇನ್ನೊಂದು ಉಪಯೋಗವೂ ಸ್ಥಿರಪಟ್ಟಿದೆ. ಬಸಿರಿನಲ್ಲಿ ರಕ್ತದೊತ್ತಡ ಏರಿ ತಾಯಿ ಮಗು ಇಬ್ಬರಿಗೂ ಅಪಾಯ ತರುವ ವ್ಯಾಧಿಯ ಸಂಭವ ಹೆಚ್ಚಿರುವವರಿಗೆ, ಹನ್ನೊಂದರಿಂದ ಹದಿನಾಲ್ಕನೆಯ ವಾರದೊಳಗೆ ಆರಂಭಿಸಿ ೧೫೦ ಮಿಲಿಗ್ರಾಂ ಕೊಟ್ಟು ನೋಡಿದಾಗ, ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಉಲ್ಬಣ ಪ್ರಸಂಗಗಳು ನೂರಕ್ಕೆ ೪.೩ರಿಂದ ೧.೬ಕ್ಕೆ ಇಳಿದುವೆಂದು ೨೦೧೭ರಲ್ಲಿ ವರದಿಯಾಯಿತು. ಆದುದರಿಂದ ಗುಳಿಗೆ ಬರೆಸಿಕೊಂಡವಳು 'ಇದು ನನಗೆ ಯಾವ ಕಾರಣಕ್ಕೆ?' ಎಂದು ಸಂಕೋಚವಿಲ್ಲದೆ ಕೇಳಬೇಕು. ಹೊಟ್ಟೆಯ ಹುಣ್ಣು, ರಕ್ತಸ್ರಾವದ ಸ್ವಭಾವ, ಆಸ್ಪಿರಿನ್ನಿನಿಂದ ಕೆರಳುವ ಉಬ್ಬಸ ಇರುವವರಿಗೆ ಇದು ಹಿತವಲ್ಲ. ನೆರೆಮನೆಯವಳಿಗೆ ಫಲಿಸಿತೆಂದು ತಾನಾಗಿ ಆರಂಭಿಸುವುದೂ, ವೈದ್ಯರು ಕೊಟ್ಟದ್ದನ್ನು ಹೆದರಿ ತಾನಾಗಿ ಬಿಡುವುದೂ ಸಲ್ಲದು.

ಕಾರಣ ಕಾಣದವರಿಗೆ ಹಾಗಾದರೆ ಕೊಡುವುದೇನು? ನಾರ್ವೆ ದೇಶದ ಓಸ್ಲೋದಲ್ಲಿ ಸ್ಟ್ರೇ–ಪೆಡೆರ್ಸೆನ್ ವೈದ್ಯದಂಪತಿಗಳು ೧೯೮೪ರಲ್ಲಿ ಒಂದು ವರದಿ ಪ್ರಕಟಿಸಿದರು. ದೋಷ ಕಾಣದ ಸ್ತ್ರೀಯರಲ್ಲಿ, ಬಸಿರಿನ ಆರಂಭದಿಂದಲೇ ಪದೇ ಪದೇ ಕಂಡು, ಧೈರ್ಯ ಹೇಳಿ, ಅಕ್ಕರೆಯಿಂದ ನೋಡಿಕೊಂಡವರಲ್ಲಿ ನೂರಕ್ಕೆ ೮೬ ಗರ್ಭಗಳು ಉಳಿದವು; ಅಂಥ ಆರೈಕೆ ದೊರೆಯದವರಲ್ಲಿ ೩೩. ಈ ಎರಡು ಗುಂಪುಗಳನ್ನು ಚೀಟಿಯೆತ್ತಿ ಆರಿಸಿರಲಿಲ್ಲ; ಆದ್ದರಿಂದ ಅಂತರವೆಲ್ಲ ಅಕ್ಕರೆಯ ಫಲವೆಂದು ಸಾಧಿಸಲಾಗದು. ಆದರೆ ಈ ಚಿಕಿತ್ಸೆಯಿಂದ ಹೊಟ್ಟೆ ಉರಿಯುವುದಿಲ್ಲ, ರಕ್ತ ಸುರಿಯುವುದಿಲ್ಲ. ಇದನ್ನು ಕೊಡಲು ವೈದ್ಯರೇ ಬೇಕೆಂದಿಲ್ಲ. ಅತ್ತೆ, ಗಂಡ, ಓರಗಿತ್ತಿ ಯಾರೂ ಕೊಡಬಹುದು. ಪರಂಗಿಹಣ್ಣಿನ ಮಾತೆತ್ತದೆ, 'ನಿನ್ನ ತಪ್ಪೇನೂ ಇಲ್ಲ' ಎಂದು ಒಮ್ಮೆ ಅವಳಿಗೆ ಕೇಳಿಸುವಂತೆ ಹೇಳಿದರೆ ಅಲ್ಲಿಂದಲೇ ಅದು ಆರಂಭವಾಗುತ್ತದೆ.