ಅಡುಗೆಯ ಉಪ್ಪು, ಅದರ ಬಂಧ ಮತ್ತು ಜೀವಜಲ

ವಾಂತಿಭೇದಿಯಿಂದ ಬಳಲಿದ ಮಗುವಿಗೆ ಜೀವಜಲವನ್ನು, ಎಂದರೆ ಓ.ಆರ್.ಎಸ್. ದ್ರಾವಣವನ್ನು ಕುಡಿಸಿರೆಂದು ವೈದ್ಯರು ಹೇಳಿದಾಗ ಅನೇಕ ತಾಯಂದಿರಲ್ಲಿ ಒಂದು ಸಂದೇಹ ಏಳುತ್ತದೆ. ಮಗು ಕಳೆದುಕೊಂಡಿರುವುದು ನೀರನ್ನಲ್ಲವೇ? ಬರಿಯ ನೀರು ಕೊಟ್ಟರೆ ಸಾಲದೇ? ಉಪ್ಪೇಕೆ? ಸಂದೇಹ ಸಹಜವಾದುದು. ಇದಕ್ಕೆ ಉತ್ತರ ದೊರೆಯಬೇಕಾದರೆ ಉಪ್ಪೆಂದರೇನು ಎಂಬುದನ್ನು ತಾವು ಮೊದಲು ಅರಿಯಬೇಕು.

ಸಕಲ ವಸ್ತುಗಳೂ ಪರಮಾಣುಗಳೆಂಬ ಅತಿ ಸೂಕ್ಷ್ಮ ಕಣಗಳಿಂದಾದವು. ಪರಮಾಣುವಿನ ನಡುವಣ ಬೀಜದ ಸುತ್ತ ಎಲೆಕ್ಟ್ರಾನುಗಳೆಂಬ ಇನ್ನೂ ಕಿರಿಯ ಕಣಗಳು ಪದರ ಪದರವಾಗಿರುತ್ತವೆ. ಸೋಡಿಯಂ ಪರಮಾಣುವಿಗೆ 11 ಎಲೆಕ್ಟ್ರಾನುಗಳು. ಒಳಪದರಗಳಲ್ಲಿ 2 ಮತ್ತು 8 ತುಂಬಿ, ಹೊರಗೆ ಒಂದೇ ಒಂದು ಉಳಿಯುತ್ತದೆ. ಕ್ಲೋರಿನ್ ಪರಮಾಣುವಿಗೆ 17. ಅದರ ಹೊರಪದರದಲ್ಲಿ 7 ಇದ್ದು, 8 ಆಗಲು ಒಂದು ಕಡಿಮೆ. ಈ ಕೊರತೆಯಿಂದಾಗಿ ಎರಡೂ ಅಸ್ಥಿರ. ಬಿಡಿ ಸೋಡಿಯಂ, ನೀರಿಗೆ ಬಿದ್ದರೆ ಸಿಡಿದು ಉರಿಯುವ ಲೋಹ. ಬಿಡಿ ಕ್ಲೋರಿನ್ ಉಸಿರುಗಟ್ಟಿಸುವ ವಿಷಾನಿಲ. ನಮ್ಮ ಮಸ್ಕಿಯ ಅಶೋಕನ ಶಾಸನ ಬೆಳಕಿಗೆ ಬಂದ 1915ನೆಯ ಇಸವಿಯಲ್ಲಿಯೇ ಯೂರೋಪಿನ ಯುದ್ಧಭೂಮಿಯಲ್ಲಿ ಸೈನಿಕರ ಮೇಲೆ ಇದನ್ನು ಹರಿಯಬಿಟ್ಟಿದ್ದರು.

ಇವೆರಡೂ ಕೂಡಿದಾಗ ಸೋಡಿಯಂ ತನ್ನ ಹೊರಗಿನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಬಿಟ್ಟುಕೊಡುತ್ತದೆ. ಆಗ ಎರಡರ ಹೊರಪದರದಲ್ಲಿಯೂ 8 ತುಂಬಿ, ಎರಡೂ ಸ್ಥಿರವಾಗುತ್ತವೆ. ಕೊಟ್ಟದ್ದಕ್ಕೆ ಧನ ವಿದ್ಯುದಂಶವೂ ಪಡೆದದ್ದಕ್ಕೆ ಋಣ ವಿದ್ಯುದಂಶವೂ ಬರುತ್ತದೆ. ಹೀಗೆ ವಿದ್ಯುದಂಶ ಪಡೆದ ಕಣಕ್ಕೆ ಅಯಾನು ಎಂದು ಹೆಸರು. ಇವು ಒಂದನ್ನೊಂದು ಸೆಳೆದು ಹಿಡಿಯುವುದೇ ಅಯಾನಿಕ ಬಂಧ. ಇದನ್ನು ದಾಂಪತ್ಯಕ್ಕೆ ಹೋಲಿಸುವವರುಂಟು. ನನಗೆ ಆ ಹೋಲಿಕೆ ಅಷ್ಟು ಸರಿಯೆನಿಸದು, ಏಕೆಂದರೆ ಉಪ್ಪಿನ ಹರಳಿನಲ್ಲಿ ಜೋಡಿಗಳೇ ಇಲ್ಲ. ಒಂದೊಂದು ಸೋಡಿಯಂ ಸುತ್ತ ಆರು ಕ್ಲೋರೈಡುಗಳು, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂಗಳು. ಇಡೀ ಓಣಿಯೇ ಕೈಹಿಡಿದು ನಿಂತಂತೆ.

ಉಪ್ಪು ನೀರಿಗೆ ಬಿದ್ದಾಗ ನೀರಿನ ಕಣಗಳು ಅಯಾನುಗಳನ್ನು ಸುತ್ತುವರಿದು ಬೇರ್ಪಡಿಸುತ್ತವೆ. ಬೇರ್ಪಟ್ಟರೂ ಅವು ಮತ್ತೆ ಉರಿಯುವ ಲೋಹವಾಗಲಿ ವಿಷಾನಿಲವಾಗಲಿ ಆಗುವುದಿಲ್ಲ. ಕೊಟ್ಟ ಎಲೆಕ್ಟ್ರಾನು ಕೊಟ್ಟಂತೆಯೇ ಇರುತ್ತದೆ. ಮಗುವಿನ ಕರುಳಿಗೆ ಬೇಕಾದುದು ಈ ಸೋಡಿಯಂ ಅಯಾನು. ಕರುಳಿನ ಒಳಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಗೂಡಿ ಒಳಹೋಗುವ ದಾರಿಯೊಂದಿದೆ. ಅವುಗಳ ಹಿಂದೆಯೇ ನೀರೂ ಒಳಸೇರುತ್ತದೆ. ಕಾಲರಾದಂತಹ ಘೋರ ಭೇದಿಯಲ್ಲಿಯೂ ಈ ದಾರಿ ಮುಚ್ಚುವುದಿಲ್ಲ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸೂಜಿಯ ಮೂಲಕ ಕೊಡುವ ದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಬಾಯಿಯ ಮೂಲಕವೇ ಕುಡಿಸಿ ಅಸಂಖ್ಯ ಜೀವಗಳನ್ನು ಉಳಿಸಿದರು.

ಇಂದಿನ ಪೊಟ್ಟಣದಲ್ಲಿ ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಇವುಗಳೊಡನೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್ ಲವಣಗಳಿರುತ್ತವೆ. ಈ ಅಳತೆ ಕೆಡಬಾರದು. ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಸೆಳವು ಬರಬಹುದು.

ನಮ್ಮ ಭಾಗದಲ್ಲಿ ಅಳತೆ ಕೆಡುವುದಕ್ಕೆ ಇನ್ನೊಂದು ಕಾರಣವಿದೆ, ಅದು ಸವಳು ನೀರು. ನೀರಿನ ಸವಳು ಕುದಿಸಿದರೆ ಹೋಗುವುದೆಂದು ಭಾವಿಸಬೇಡಿರಿ. ಕುದಿಸಿದಾಗ ರೋಗಾಣುಗಳು ಸಾಯುತ್ತವೆ. ಅಯಾನುಗಳಿಗೆ ಏನೂ ಆಗುವುದಿಲ್ಲ. ನೀರಷ್ಟೇ ಆವಿಯಾಗಿ, ಉಳಿದ ನೀರು ಮತ್ತಷ್ಟು ಸವಳಾಗುತ್ತದೆ. ಸಿಂಧನೂರು ಕಡೆಯ ಕಾಲುವೆ ಕೆಳಗಿನ ಸವಳು ಹೊಲಗಳಲ್ಲಿ ಬೇಸಿಗೆಗೆ ಬೆಳ್ಳಗೆ ಏಳುವ ಪದರವನ್ನು ತಾವು ಕಂಡಿರಬಹುದು. ನೀರು ಆರಿದೊಡನೆ ಅಯಾನುಗಳು ಮತ್ತೆ ಬಂಧಗೊಂಡು ಹರಳಾಗಿ ನಿಂತದ್ದೇ ಅದು. ಕೊಳವೆಬಾವಿಯ ನೀರಿನ ಫ್ಲೋರೈಡ್ ಕೂಡ ಇಂತಹುದೇ ಅಯಾನು, ಅದೂ ಕುದಿಸಿದರೆ ಹೋಗದು. ಆದುದರಿಂದ ಜೀವಜಲಕ್ಕೆ ಸಿಹಿ ನೀರನ್ನೇ ತಂದು, ಕುದಿಸಿ ಆರಿಸಿ ಬಳಸಿರಿ.

ಪೊಟ್ಟಣವನ್ನು ಪೂರ್ತಿಯಾಗಿ ಅದರ ಮೇಲೆ ನಮೂದಿಸಿದಷ್ಟೇ ನೀರಿಗೆ ಬೆರೆಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಮತ್ತು ಆರು ಟೀ ಚಮಚ ಸಕ್ಕರೆ, ಎರಡನ್ನೂ ಚಮಚದ ಅಂಚಿಗೆ ಸಮ ಮಾಡಿ ಹಾಕಿರಿ. ತಾಯಿ ಹೊಲಕ್ಕೆ ಹೋಗಿರುವಾಗಲೂ ಭೇದಿ ಶುರುವಾಗಬಹುದಾದುದರಿಂದ ತಂದೆಯೂ ಇದನ್ನು ಕಲಿತಿರುವುದು ಅಗತ್ಯ. ಎದೆಹಾಲನ್ನು ನಿಲ್ಲಿಸಬಾರದು. ಕಲಸಿದ ದ್ರಾವಣವನ್ನು 24 ಗಂಟೆಗಳ ನಂತರ ಚೆಲ್ಲಿ ಹೊಸದನ್ನು ಮಾಡಿಕೊಳ್ಳಿರಿ. ಮಗು ಕುಡಿಯಲಾರದಷ್ಟು ಸೊರಗಿದರೆ, ಕಣ್ಣು ಗುಳಿಬಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಒಡನೆಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತನ್ನಿರಿ.