ಹತ್ತಿದ್ದೆಲ್ಲ ಇಳಿದರೆ ಲೆಕ್ಕ ಸರಿಯಾಗ್ತದಾ?



ತೀರ್ಥಹಳ್ಳಿಯಿಂದ ಹೊರಟು ಕೊಪ್ಪ, ಶೃಂಗೇರಿ, ಆಗುಂಬೆ ಸುತ್ತಿ ಮತ್ತೆ ತೀರ್ಥಹಳ್ಳಿಗೇ ಬರುವ ದಾರಿ ನಿಮಗೆ ಗೊತ್ತಿದೆ. ಸುಮಾರು 110 ಕಿಲೋಮೀಟರ್. ಹೋದ ವರ್ಷ ನನ್ನ ಅಣ್ಣ ಮತ್ತು ಅವನ ಸ್ನೇಹಿತ ಒಂದೇ ದಿನದಲ್ಲಿ ಇದನ್ನು ಸೈಕಲ್ಲಿನಲ್ಲಿ ಸುತ್ತಲು ಹೋದರು. ಆಗುಂಬೆ ಮುಟ್ಟುವಾಗಲೇ ಕತ್ತಲಾಯ್ತು. ಕೈಯಲ್ಲಿ ಲೈಟ್ ಇಲ್ಲ, ಕಾಲು ಸೋತು ಹೋಗಿತ್ತು. ಕೊನೆಗೆ ಯಾರೋ ಲಗೇಜ್ ಗಾಡಿಯವರು ಸೈಕಲ್ ಸಮೇತ ಹತ್ತಿಸಿಕೊಂಡು ಬಂದು ಬಿಟ್ಟರು. ಅಪ್ಪ ಬೈದರು, ಅಮ್ಮ ಅತ್ತರು. ಈ ವರ್ಷ ನಾನೂ ಹೋಗ್ತೇನೆ ಅಂದಾಗ ಅಪ್ಪ, "ಮೊದಲು ಲೆಕ್ಕ ಬರೆದು ತೋರಿಸಿ" ಅಂದರು. ಆ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ.

ಅಣ್ಣ ತಪ್ಪಿದ್ದು ಎಲ್ಲಿ?

ಸಪಾಟು ರಸ್ತೆಯಲ್ಲಿ ಅವನು ಗಂಟೆಗೆ 15 ಕಿ.ಮೀ. ಹೋಗ್ತಾನೆ. 110ನ್ನು 15ರಿಂದ ಭಾಗಿಸಿದರೆ 7 ಗಂಟೆ 20 ನಿಮಿಷ. ಬೆಳಿಗ್ಗೆ 8ಕ್ಕೆ ಹೊರಟರೆ ಸಂಜೆ 5ರೊಳಗೆ ಮನೆ ಅಂದುಕೊಂಡ. "ಗುಡ್ಡ ಇದೆಯಲ್ಲೋ" ಅಂದರೆ, "ಸುತ್ತಿ ಅದೇ ಜಾಗಕ್ಕೆ ಬರ್ತೇವೆ, ಹತ್ತಿದ್ದೆಲ್ಲ ಇಳೀತೇವೆ, ಸರಿಗೆ ಸರಿ" ಅಂದ.

ಎತ್ತರದಲ್ಲಿ ಸರಿಗೆ ಸರಿ ಹೌದು. ಸಮಯದಲ್ಲಿ ಅಲ್ಲ! ನೋಡಿ, 10 ಕಿ.ಮೀ. ಏರನ್ನು ಗಂಟೆಗೆ 6 ಕಿ.ಮೀ.ನಂತೆ ಹತ್ತಿದರೆ 1 ಗಂಟೆ 40 ನಿಮಿಷ ಬೇಕು. ಅದೇ 10 ಕಿ.ಮೀ. ಇಳಿಜಾರನ್ನು ಗಂಟೆಗೆ 30ರಂತೆ ಇಳಿದರೆ 20 ನಿಮಿಷ. ಒಟ್ಟು 20 ಕಿ.ಮೀ.ಗೆ 2 ಗಂಟೆ. ಸರಾಸರಿ 10 ಮಾತ್ರ ಆಯ್ತು. 6 ಮತ್ತು 30ನ್ನು ಕೂಡಿಸಿ ಅರ್ಧ ಮಾಡಿ 18 ಅಂದರೆ ತಪ್ಪು. ನಿಧಾನ ಹೋಗುವಾಗ ಕಳೆದ ಹೊತ್ತು ಜೋರಾಗಿ ಇಳಿದರೆ ವಾಪಸ್ ಬರೋದಿಲ್ಲ.

ಏರು ಯಾಕೆ ಅಷ್ಟು ಕಷ್ಟ?

ಅಣ್ಣನ ಸೈಕಲ್ಲಿನ ಮುಂದಿನ ಚಕ್ರದಲ್ಲಿ 44 ಹಲ್ಲು, ಹಿಂದಿನದರಲ್ಲಿ 18. ಅಂದರೆ ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿ ಸುಮಾರು ಎರಡೂವರೆ ಸುತ್ತು ತಿರುಗ್ತದೆ. ಗಾಲಿಯ ಸುತ್ತಳತೆಯನ್ನು ದಾರ ಹಿಡಿದು ಅಳೆದೆವು, 2.2 ಮೀಟರ್. ಹಾಗಾಗಿ ಒಂದು ಪೆಡಲಿಗೆ ಸುಮಾರು 5.4 ಮೀಟರ್ ಮುಂದೆ ಹೋಗ್ತೇವೆ. ರಸ್ತೆ 20 ಮೀಟರಿಗೆ 1 ಮೀಟರ್ ಏರಿದರೆ, ಪ್ರತಿ ಪೆಡಲಿಗೆ ಸುಮಾರು 27 ಸೆಂ.ಮೀ. ಮೇಲೆ ಹೋಗಬೇಕು. ಸವಾರ, ಸೈಕಲ್ ಸೇರಿ 70 ಕಿಲೋ ಭಾರವನ್ನು ಒಂದೊಂದು ಸುತ್ತಿಗೂ ಒಂದೂವರೆ ಮೆಟ್ಟಿಲು ಎತ್ತಿದ ಹಾಗೆ! ಗೇರ್ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 28 ಹಲ್ಲು ಹಾಕಿದರೆ ಒಂದು ಪೆಡಲಿಗೆ 11 ಸೆಂ.ಮೀ. ಮಾತ್ರ ಏರು. ಕೆಲಸ ಕಡಿಮೆ ಆಗೋದಿಲ್ಲ, ಸಣ್ಣ ಸಣ್ಣ ತುತ್ತಾಗ್ತದೆ ಅಷ್ಟೆ. ನಮ್ಮಲ್ಲಿ ಗೇರ್ ಇಲ್ಲ. ಆದ್ದರಿಂದ ಕಡಿದಾದ ಕಡೆ ಇಳಿದು ತಳ್ಳುವುದು ಅಂತ ಮೊದಲೇ ಬರೆದುಕೊಂಡೆವು. ಅದರಲ್ಲಿ ನಾಚಿಕೆ ಏನೂ ಇಲ್ಲ.

ಏರು ಅಳೆಯುವುದು ಹೇಗೆ?

ಸಮಾಜ ಪಾಠದ ಮೇಷ್ಟ್ರು 1:50,000 ಅಳತೆಯ ಸರ್ವೇ ನಕ್ಷೆ ತೋರಿಸಿದರು. ಅದರಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ. ರಸ್ತೆಯ ಮೇಲೆ ದಾರ ಇಟ್ಟು ಅಳೆಯಬಹುದು. ಕಂದು ಬಣ್ಣದ ಸಮೋನ್ನತ ರೇಖೆಗಳು 20 ಮೀಟರಿಗೆ ಒಂದರಂತೆ ಇರ್ತವೆ. ರಸ್ತೆ ಏರುತ್ತಾ 5 ರೇಖೆ ದಾಟಿದರೆ 100 ಮೀಟರ್ ಏರು. ಗೆರೆಗಳು ಒತ್ತೊತ್ತಾಗಿದ್ದರೆ ಕಾಲಿಗೆ ಕಷ್ಟ ಅಂತ ಅರ್ಥ. ತೀರ್ಥಹಳ್ಳಿ ಸುಮಾರು 590 ಮೀಟರ್ ಎತ್ತರದಲ್ಲಿದೆ, ಕೊಪ್ಪ ಸುಮಾರು 760. ವ್ಯತ್ಯಾಸ 170 ಮೀಟರ್ ಅಂತ ಸುಮ್ಮನಾಗಬಾರದು. ನಡುವೆ ಇಳಿದು ಮತ್ತೆ ಹತ್ತುವ ದಿಣ್ಣೆಗಳನ್ನೂ ಕೂಡಿಸಬೇಕು.

ನಮ್ಮ ಯೋಜನೆ

ತೀರ್ಥಹಳ್ಳಿಯಿಂದ ಕೊಪ್ಪಕ್ಕೆ 22 ಕಿ.ಮೀ., ಅಲ್ಲಿಂದ ಹರಿಹರಪುರದ ಮೇಲೆ ಶೃಂಗೇರಿಗೆ 28, ಶೃಂಗೇರಿಯಿಂದ ಆಗುಂಬೆಗೆ 28, ಆಗುಂಬೆಯಿಂದ ಮನೆಗೆ 33. ಎಲ್ಲವೂ ಸುಮಾರು. ಗಂಟೆಗೆ 10ರಂತೆ 11 ಗಂಟೆ ಬೇಕು, ಊಟ ವಿಶ್ರಾಂತಿಗೆ ಇನ್ನೂ 2 ಗಂಟೆ. ಡಿಸೆಂಬರಿನಲ್ಲಿ ಬೆಳಕು ಇರೋದೇ ಹನ್ನೊಂದು ಗಂಟೆ ಚಿಲ್ಲರೆ. ಒಂದು ದಿನದಲ್ಲಿ ಆಗೋದೇ ಇಲ್ಲ! ಆದ್ದರಿಂದ ಶೃಂಗೇರಿಯ ಅತ್ತೆ ಮನೆಯಲ್ಲಿ ರಾತ್ರಿ ಉಳಿದು ಎರಡು ದಿನ.

ಕೊಪ್ಪದ ಏರು ಮೊದಲು ಸಿಗುವ ಹಾಗೆ ಹೊರಡಬೇಕು, ಬೆಳಿಗ್ಗೆ ತಂಪು, ಕಾಲೂ ಹೊಸದು. ಕುವೆಂಪು ಅವರ ಕುಪ್ಪಳಿಯೂ ಆ ಕಡೆಯೇ. ಎರಡನೇ ದಿನ ಮಧ್ಯಾಹ್ನ 12ರೊಳಗೆ ಆಗುಂಬೆ ಬಿಡಬೇಕು. ಅಲ್ಲಿಯ ಸೂರ್ಯಾಸ್ತ ಎಷ್ಟೇ ಚಂದ ಇದ್ದರೂ ಕಾಯಬಾರದು, ಮನೆ ಇನ್ನೂ 33 ಕಿ.ಮೀ. ದೂರ. ಸೋಮೇಶ್ವರದ ಕಡೆ 14 ತಿರುವಿನ ಘಾಟಿ ಇಳಿಯುವುದೂ ಇಲ್ಲ, ಇಳಿದರೆ ಮತ್ತೆ ಹತ್ತಬೇಕಲ್ಲ! ಮಳೆಗಾಲದಲ್ಲಂತೂ ಬೇಡವೇ ಬೇಡ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆ, ಒದ್ದೆ ಬ್ರೇಕ್ ಹಿಡಿಯೋದಿಲ್ಲ.

ಜೊತೆಗೆ ಬೇಕಾದ್ದು: ಪಂಪ್, ಪಂಕ್ಚರ್ ಸಾಮಾನು, ಪಾನಾ, ಟಾರ್ಚ್, ಇಬ್ಬರಿಗೂ ಎರಡೆರಡು ಬಾಟಲಿ ನೀರು, ಬೆಲ್ಲ, ಅವಲಕ್ಕಿ, ಬಾಳೆಹಣ್ಣು. ಪ್ರತಿ ಊರಿಗೂ ಒಂದು ಹೊತ್ತು ಬರೆದಿದ್ದೇವೆ. ಆ ಹೊತ್ತಿಗಿಂತ ಒಂದು ಗಂಟೆ ತಡವಾದರೆ ಮುಂದೆ ಹೋಗದೆ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮನೆಗೆ ಫೋನ್ ಮಾಡಬೇಕು. ಈ ನಿಯಮ ಅಮ್ಮ ಸೇರಿಸಿದ್ದು.

ಅಪ್ಪ ಹಾಳೆಯನ್ನು ಎರಡು ಸಲ ಓದಿದರು. "ಲೆಕ್ಕ ಸರಿ ಇದೆ. ಕಾಲು ಏನು ಹೇಳ್ತದೆ ನೋಡುವ. ಮೊದಲು ಕೊಪ್ಪಕ್ಕೆ ಹೋಗಿ ವಾಪಸ್ ಬನ್ನಿ" ಅಂದರು. ಬರುವ ಭಾನುವಾರ 44 ಕಿ.ಮೀ. ಹೋಗಿ ಬರ್ತೇವೆ. ನಮ್ಮ 10ರ ಸರಾಸರಿ ನಿಜವೋ ಸುಳ್ಳೋ ಅವತ್ತು ತಿಳೀತದೆ. ಸುಳ್ಳಾದರೆ ಹಾಳೆ ತಿದ್ದಿ ಬರೀಬೇಕು. ಹಾಳೆ ಮೇಲೆ ತಪ್ಪಿದರೆ ರಬ್ಬರ್ ಇದೆ, ಕತ್ತಲೆ ರಸ್ತೆಯಲ್ಲಿ ತಪ್ಪಿದರೆ ಏನೂ ಇಲ್ಲ.

— 7ನೇ ತರಗತಿ ವಿದ್ಯಾರ್ಥಿನಿ