ಬಿಲ್ಲೆಗಳು ಕಂಬವಾಗುವ ಹೊತ್ತು

ಎರಡು ತೆಳು ಗಾಜುಗಳ ನಡುವೆ ಚಿಟಿಕೆಗಿಂತ ಕಡಿಮೆ ಪುಡಿ. ಕೆಳಗೆ ಬಿಸಿಯೇರುವ ಪುಟ್ಟ ಪೀಠ, ಮೇಲೆ ಸೂಕ್ಷ್ಮದರ್ಶಕ, ಬೆಳಕಿನ ದಾರಿಯಲ್ಲಿ ಒಂದಕ್ಕೊಂದು ಅಡ್ಡವಾಗಿ ಎರಡು ಧ್ರುವಕಗಳು. ಪುಡಿ ಪೂರ್ತಿ ಕರಗಿದಾಗ ಕಾಣುವುದು ಬರೀ ಕಪ್ಪು. ಅಣುಗಳು ದಿಕ್ಕಾಪಾಲಾಗಿರುವ ದ್ರವದಿಂದ ಹೊರಟ ಬೆಳಕು ಎರಡನೆಯ ಧ್ರುವಕವನ್ನು ದಾಟಲಾರದು. ಇನ್ನು ಮೆಲ್ಲಗೆ ತಣಿಸಬೇಕು. ಸುಮಾರು 87 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಾಗ ಆ ಕಪ್ಪಿನೊಳಗೆ ಒಂದು ಬೆಳ್ಳನೆಯ ಚುಕ್ಕೆ ಮೂಡುತ್ತದೆ, ಪಕ್ಕದಲ್ಲಿ ಇನ್ನೊಂದು. ಅವು ಕವಲೊಡೆದು ಹಬ್ಬಿ, ಒಂದನ್ನೊಂದು ಮುಟ್ಟಿ, ನೋಡುವ ವೃತ್ತವನ್ನೆಲ್ಲ ಬಣ್ಣದಿಂದ ತುಂಬುತ್ತವೆ. ಗಾಜನ್ನು ಸೂಜಿಯಿಂದ ಒತ್ತಿದರೆ ಆ ಬಣ್ಣ ಜರುಗುತ್ತದೆ. ಹರಳಾಗಿದ್ದರೆ ಬಿರಿಯಬೇಕಿತ್ತು.

ಈ ಪುಡಿಯ ಅಣುವಿನ ನಡುವೆ ಚಪ್ಪಟೆ ಬೆಂಜೀನ್ ಉಂಗುರ, ಸುತ್ತಲೂ ಆರು ಇಂಗಾಲದ ಬಾಲಗಳು. ಬಿಸಿಗೆ ಮೊದಲು ಸಡಿಲವಾಗುವುದು ಬಾಲಗಳು. ಗಟ್ಟಿ ನಡುಭಾಗ ಜತೆ ಬಿಡುವುದಿಲ್ಲ. ಖಡಕ್ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಬಿಲ್ಲೆಗಳು ಕಂಬವಾಗುತ್ತವೆ. ಕಂಬದ ಸುತ್ತ ಆರು ಕಂಬ, ಅವುಗಳ ಸುತ್ತ ಮತ್ತಷ್ಟು, ಎಲ್ಲವೂ ಷಡ್ಭುಜದ ಶಿಸ್ತಿನಲ್ಲಿ. ಆದರೆ ಒಂದೇ ಕಂಬದೊಳಗೆ ಬಿಲ್ಲೆಗಳ ನಡುವಿನ ಅಂತರಕ್ಕೆ ಅಂಥ ಕಟ್ಟುನಿಟ್ಟಿಲ್ಲ. ಅಡ್ಡಕ್ಕೆ ಹರಳು, ಉದ್ದಕ್ಕೆ ದ್ರವ! ಯಾರೂ ಕೈಯಿಟ್ಟು ಜೋಡಿಸಿದ್ದಲ್ಲ ಇದು. ಅಣುವಿನ ಆಕಾರವೇ ಇಲ್ಲಿ ಮೇಸ್ತ್ರಿ, ಅದೇ ನಕ್ಷೆ.

1888ರಲ್ಲಿ ಪ್ರಾಗ್‌ನ ಸಸ್ಯವಿಜ್ಞಾನಿ ರೈನಿಟ್ಜರ್ ದ್ರವಸ್ಫಟಿಕದ, ಅಂದರೆ ಹರಿಯುತ್ತಲೂ ಹರಳಿನ ಶಿಸ್ತು ಉಳಿಸಿಕೊಳ್ಳುವ ಇಂಥ ಸ್ಥಿತಿಯ, ಸುಳಿವು ಹಿಡಿದಂದಿನಿಂದ ಸುಮಾರು ತೊಂಬತ್ತು ವರ್ಷ, ಉದ್ದನೆಯ ಕಡ್ಡಿಯಂಥ ಅಣುಗಳಿಗೇ ಈ ಗುಣ ಎಂಬ ನಂಬಿಕೆ ಬೇರೂರಿತ್ತು. ಅದನ್ನು ಕಿತ್ತದ್ದು ಬೆಂಗಳೂರು. ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ 1977ರಲ್ಲಿ ಬಿಲ್ಲೆಯಣುಗಳ ದ್ರವಸ್ಫಟಿಕವನ್ನು ತೋರಿಸಿದರು. ಕಂಬಗಳ ಸಾಕ್ಷ್ಯ ಎಕ್ಸ್-ಕಿರಣಗಳಿಂದ ಸಿಕ್ಕಿತು. ಅವರು ಅದನ್ನು ಪ್ರಕಟಿಸಿದ್ದು ಹೊರದೇಶದ ಪತ್ರಿಕೆಯಲ್ಲಲ್ಲ, ನಮ್ಮದೇ ‘ಪ್ರಮಾಣ’ದಲ್ಲಿ. ನನಗೆ ಇದು ಕಡಿಮೆ ಹೆಮ್ಮೆಯ ಸಂಗತಿಯಲ್ಲ. ಚಂದ್ರಶೇಖರ್ ದ್ರವಸ್ಫಟಿಕಗಳ ಬೆನ್ನು ಹತ್ತಿದ್ದು ಅದಕ್ಕೂ ಮೊದಲು, ಮೈಸೂರು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗ ಕಟ್ಟುತ್ತಿದ್ದಾಗ.

ಆಮೇಲೆ ಬಾಗಿದ ಅಣುಗಳ ಸರದಿ ಬಂತು. 1996ರಲ್ಲಿ ಜಪಾನಿನ ವಿಜ್ಞಾನಿಗಳು ಬಾಳೆಹಣ್ಣಿನಾಕಾರದ ಅಣುಗಳಲ್ಲಿ ಹೊಸ ಗುಣ ಕಂಡರು: ಬಾಗುಗಳೆಲ್ಲ ಒಂದೇ ಕಡೆ ಮುಖಮಾಡಿ ಕೂತರೆ ಇಡೀ ಪದರಕ್ಕೆ ವಿದ್ಯುತ್ ಧ್ರುವತೆ ಬರುತ್ತದೆ. ಜತೆಗೆ ಅಣುಗಳು ಓರೆಯಾದರೆ, ಎಡಬಲದ ಭೇದವೇ ಇಲ್ಲದ ಅಣುಗಳಿಂದ ಎಡಚ ಪದರವೋ ಬಲಚ ಪದರವೋ ಹುಟ್ಟುತ್ತದೆ.

ಇತ್ತ ಬಿಲ್ಲೆಗಳೂ ಪ್ರಯೋಗಾಲಯದಲ್ಲೇ ಉಳಿಯಲಿಲ್ಲ. ಪಕ್ಕದಿಂದ ನೋಡಿದರೂ ಚಿತ್ರ ಕೆಡದಿರಲೆಂದು ಕೆಲವು ಬಗೆಯ ಎಲ್‌ಸಿಡಿ ಪರದೆಗಳಿಗೆ ತೆಳುವಾದ ಪೊರೆಯೊಂದನ್ನು ಅಂಟಿಸುತ್ತಾರೆ. ಆ ಪೊರೆಯಲ್ಲಿರುವುದು ಬಿಲ್ಲೆಯಣುಗಳೇ.